ರಾಜನ ಕೈಯ ಬೆಲ್ಲದುಂಡೆ

ಆ ವರ್ಷ ಬಂಗಾರಗಿರಿಯ ಸುತ್ತಮುತ್ತಲಿನ ಸಿಂಹಾಸನಗಳ ಗ್ರಹಚಾರ ನೆಟ್ಟಗಿರಲಿಲ್ಲ. ಮೂಡಲ ದೇಶದ ರಾಜನನ್ನು ಪ್ರಜೆಗಳೇ ಓಡಿಸಿದ್ದರು. ಪಡುವಲ ದೇಶದಲ್ಲಿ ಅಣ್ಣತಮ್ಮಂದಿರು ಕಿರೀಟಕ್ಕೆ ಕಿತ್ತಾಡಿ ಊರೂರೇ ಉರಿದಿತ್ತು. ಬಂಗಾರಗಿರಿಯ ರಣಭೂಪಾಲನಿಗೆ ಮಾತ್ರ ಚಿಂತೆಯಿರಲಿಲ್ಲ. ಇದ್ದರೂ ಮೀಸೆಯಡಿ ಮುಚ್ಚಿಟ್ಟುಕೊಂಡಿದ್ದ.

ಯುಗಾದಿ ಹತ್ತಿರ ಬಂದಾಗ ತುಂಬಿದ ಸಭೆಯಲ್ಲಿ ಕೇಳಿದ: "ನನ್ನ ಆಳ್ವಿಕೆ ಸಿಹಿ ಎನ್ನುವವರು ಕೈಯೆತ್ತಿ."

ಕೈಗಳೆಲ್ಲ ಮೇಲೆದ್ದವು. ಸೇನಾಪತಿ ಹುಲಿಮಲ್ಲ ಎರಡೂ ಕೈ ಎತ್ತಿದ.

"ನೋಡಿದಿರಾ? ಇನ್ನು ಊರೂರಿನ ಅರಳಿಕಟ್ಟೆ ಸಭೆ ಯಾತಕ್ಕೆ? ಮೂಡಲ ದೇಶದ ದಂಗೆ ಹುಟ್ಟಿದ್ದೇ ಕಟ್ಟೆಯ ಮೇಲೆ. ಹಬ್ಬ ಮುಗಿದ ಕೂಡಲೇ ಎಲ್ಲ ಕೆಡವಿಸುತ್ತೇನೆ. ಈ ಸಲ ಯುಗಾದಿಗೂ ಬೇವು ಬೇಡ, ಬರೀ ಬೆಲ್ಲ ಹಂಚೋಣ. ನನ್ನ ರಾಜ್ಯದಲ್ಲಿ ಕಹಿಯೇ ಇಲ್ಲ."

ಆಸ್ಥಾನದ ವಿದೂಷಕ ಬೊಮ್ಮರಸ ಎತ್ತಿದ ಕೈ ಇಳಿಸಿದ. ಅವನು ಮಾತು ಕಲಿತದ್ದೇ ತನ್ನೂರಿನ ಕಟ್ಟೆಯ ಮೇಲೆ. ಅಲ್ಲಿ ಜನ ತೆರಿಗೆಯನ್ನು ಬೈಯುತ್ತಿದ್ದರು, ರಾಜನನ್ನೂ ಬೈಯುತ್ತಿದ್ದರು, ಬೈದು ಹಗುರಾಗಿ ಮನೆಗೆ ಹೋಗಿ ಉಣ್ಣುತ್ತಿದ್ದರು. ಅದೂ ಹೋದರೆ ಆ ಬಡಪಾಯಿಗಳಿಗೆ ಉಳಿಯುವುದೇನು?

"ಪ್ರಭು, ಬಾಯಿ ಕಹಿಯಾದವರೂ ಇದ್ದಾರು," ಎಂದ.

"ಹಾಗಾದರೆ ಕಹಿಯಾದ ಒಂದು ಬಾಯಿ ತೋರಿಸು, ಕಟ್ಟೆಗಳನ್ನು ಬಿಡುತ್ತೇನೆ. ಆಗದಿದ್ದರೆ ಮೊದಲ ಕಟ್ಟೆಗೆ ಹಾರೆ ಹಾಕುವವನು ನೀನೇ."

"ಆಗಲಿ ಪ್ರಭು. ಹಬ್ಬದ ಬೆಲ್ಲದ ಉಸ್ತುವಾರಿ ಮಾತ್ರ ನನಗಿರಲಿ."

ಯುಗಾದಿಯಂದು ರಾಜ ಎಲ್ಲರಿಗೂ ತನ್ನ ಕೈಯಾರೆ ಕೊಟ್ಟು ಕೊನೆಗೆ ತಾನು ತಿನ್ನುವುದು ಅರಮನೆಯ ಪದ್ಧತಿ. ಹೋದ ವರ್ಷ ಹಬ್ಬದೂಟಕ್ಕೆ ಉಪ್ಪು ಕಡಿಮೆ ಎಂದವನು ಇನ್ನೂ ಗಡಿಯ ಕೋಟೆ ಕಾಯುತ್ತಿದ್ದ. ಅದು ಯಾರಿಗೂ ಮರೆತಿರಲಿಲ್ಲ.

ಬೊಮ್ಮರಸ ತಟ್ಟೆ ತುಂಬ ಉಂಡೆ ತಂದ. ಮೊದಲ ಉಂಡೆ ಹುಲಿಮಲ್ಲನಿಗೆ. ಕಚ್ಚಿದ, ಕಿವಿ ಕೆಂಪಾಯಿತು.

"ಹೇಗಿದೆ ಸೇನಾಪತಿ?"

"ಅಮೃತ, ಮಹಾಪ್ರಭು," ಎಂದು ಕಣ್ಣೊರೆಸಿಕೊಂಡ.

"ಇಂಥ ಸಿಹಿ ಶಾಸ್ತ್ರಗಳಲ್ಲೂ ಇಲ್ಲ," ಎಂದರು ಪುರೋಹಿತರು.

"ಇನ್ನೊಂದು ಕೊಡಲೇ?"

"ಬೇಡ ಪ್ರಭು, ಈ ವಯಸ್ಸಿಗೆ ಅಷ್ಟು ಸಿಹಿ ತಡೆಯದು."

ಸಭೆಯೆಲ್ಲ ನುಂಗಿತು, ಸಭೆಯೆಲ್ಲ ಹೊಗಳಿತು. ಹಿಗ್ಗಿ ಹೀರೇಕಾಯಿಯಾದ ರಾಜ ಕೊನೆಯ ಉಂಡೆಯನ್ನು ಬಾಯಿಗೆ ಹಾಕಿಕೊಂಡವನೇ ಥೂ ಎಂದು ಉಗಿದ.

"ಬೊಮ್ಮರಸ, ಇದು ಬೇವು!"

"ಹೌದು ಪ್ರಭು. ಬೇವಿನ ಚಿಗುರು ಅರೆದು ಉಂಡೆ ಕಟ್ಟಿ, ಮೇಲೆ ಬೆಲ್ಲ ಸವರಿದ್ದೇನೆ. ಕಹಿಯಾದ ಬಾಯಿ ಒಂದನ್ನು ಕೇಳಿದಿರಿ, ಸಭೆಯ ತುಂಬ ಇವೆ. ಬೇವನ್ನು ಅಮೃತ ಎಂದ ಈ ಬಾಯಿಗಳೇ ಮೊನ್ನೆ ತಮ್ಮ ಆಳ್ವಿಕೆಯನ್ನು ಸಿಹಿ ಎಂದದ್ದು."

ಸಭೆ ತಲೆ ತಗ್ಗಿಸಿತು. ರಾಜ ಬಾಯೊರೆಸಿಕೊಂಡ.

"ಮೂಡಲ ರಾಜನಿಗೂ ವರ್ಷಗಟ್ಟಲೆ ಬೆಲ್ಲವನ್ನೇ ತಿನ್ನಿಸಿದರು ಪ್ರಭು. ಅವನ ಪಾಲಿನ ಬೇವೆಲ್ಲ ಒಂದೇ ದಿನ ಬಂತು. ಕಟ್ಟೆಯಿದ್ದರೆ ಅದು ಚೂರುಚೂರೇ ಬರುತ್ತದೆ, ನುಂಗಿಕೊಳ್ಳಬಹುದು."

ರಾಜನ ಮೀಸೆ ಅದುರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಟ್ಟೆಗಳು ಇರಲಿ. ಅಲ್ಲಿ ಬೈದದ್ದನ್ನು ನನಗೆ ಬಂದು ಹೇಳುವವರನ್ನು ಯಾರೂ ತಡೆಯಕೂಡದು. ನಿನಗೇನು ಬೇಕೋ ಕೇಳು ಬೊಮ್ಮರಸ."

"ಒಂದು ಅಚ್ಚು ಬೆಲ್ಲ ಸಾಕು ಪ್ರಭು. ತಮ್ಮ ಕೈಯಿಂದ ಒಂದುಂಡೆ ತಿಂದು ನಾನೂ 'ಆಹಾ' ಎಂದಿದ್ದೇನೆ. ನಾನೂ ಆಸ್ಥಾನದವನೇ ಅಲ್ಲವೇ?"