ಹಗೇವಿಗೆ ಬಂದ ಯೋಗಿ

“ಕಲಿಯುವ ಮನಸ್ಸೇ ಇಲ್ಲದವರಿಗೆ ಹೇಗೆ ಕಲಿಸಬೇಕು ಗುರುಗಳೇ?”

ನೀಲಾಂಬಿಕೆ ಹೆಗಲ ಚೀಲವನ್ನೂ ಕೆಳಗಿಡದೆ ಕೇಳಿದಳು. ಮುಖ ಇನ್ನೂ ಕೆಂಪಾಗಿತ್ತು. ಊರಿನ ದೊಡ್ಡ ಆಸ್ಪತ್ರೆಯವರು ನರ್ಸುಗಳ ದಣಿವು ಕಳೆಯಲು ಉಸಿರಾಟದ ಅಭ್ಯಾಸ ಕಲಿಸಿಕೊಡಿ ಎಂದು ಆಶ್ರಮವನ್ನು ಕೇಳಿದ್ದರು. ಅವಳೇ ಮುಂದಾಗಿ ಒಪ್ಪಿಕೊಂಡಿದ್ದಳು. ಇಂದು ಮೊದಲ ತರಗತಿ.

“ಏನಾಯಿತು?” ಎಂದರು ಗುರುಗಳು.

ಅವಳು ಹೇಳಿದಳು. ಪಾಳಿ ಮುಗಿಸಿದ ನರ್ಸುಗಳನ್ನು ಮನೆಗೆ ಬಿಡದೆ ನೇರ ತರಗತಿಗೆ ತಂದು ಕೂರಿಸಿದ್ದರು. ಕಣ್ಣು ಮುಚ್ಚಿ ಎಂದದ್ದೇ ತಡ, ಮಹಾನಂದಾ ಎಂಬ ನರ್ಸ್ ಗೊರಕೆ ಹೊಡೆಯತೊಡಗಿದಳು. ಅಭ್ಯಾಸದ ನಡುವೆ ನಿದ್ದೆ ಮಾಡಬಾರದು. ನೀಲಾಂಬಿಕೆ ಭುಜ ಮುಟ್ಟಿ ಎಬ್ಬಿಸಿದಳು. ಆಕೆ ಎದ್ದವಳೇ ಎಲ್ಲರೆದುರು ಹರಿಹಾಯ್ದಳು.

“ಉಸರಾಡೂದು ಹುಟ್ಟಿದಾಗಿಂದ ಬರ್ತೈತ್ರೀ ಮೇಡಂ. ಎರಡು ವಾರ್ಡಿಗೆ ಒಬ್ಬಾಕಿನ್ನ ನಿಲ್ಲಸ್ಯಾರ. ಇನ್ನೊಬ್ಬಾಕಿನ್ನ ಕೊಡಸ್ತೀರೇನು? ನಾ ಮೂಗು ಹಿಡಕೊಂಡು ಕುಂತ್ರ ಆಕಿ ಬರ್ತಾಳೇನು?”

ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಆಸ್ಪತ್ರೆಯ ಮುಖ್ಯಸ್ಥರಿಗೆ ನಾಚಿಕೆಯಾಯಿತು,” ಎಂದಳು ನೀಲಾಂಬಿಕೆ. “ನಿಮ್ಮ ಅಭ್ಯಾಸವಿದ್ದರೆ ಹೊಸ ನರ್ಸುಗಳನ್ನು ತೆಗೆದುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ, ನಾಳೆಯಿಂದ ಎಲ್ಲ ಪಾಳಿಗೂ ನೀವೇ ಬನ್ನಿ ಎಂದರು. ಅಷ್ಟು ಮರ್ಯಾದೆಯಿಂದ ಕರೆದರು. ಆ ಹೆಂಗಸಿನ ಸೊಕ್ಕು ಮಾತ್ರ ನೋಡಿ!”

ಗುರುಗಳು ಅವಳಿಗೆ ಕೂರಲು ಹೇಳಿದರು.

“ಒಬ್ಬ ವ್ಯಾಪಾರಿ ಇದ್ದ. ಅವನ ಜೋಳವೆಲ್ಲ ಹಗೇವಿನಲ್ಲಿತ್ತು. ನೆಲ ಅಗೆದು, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುವ ಕಣಜ ಅದು. ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಬಾಯಿ ತೆರೆದವರು ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದಿಟ್ಟು, ಒಳಗೆ ಗಾಳಿಯಾಡುವ ತನಕ ಕಾಯುತ್ತಾರೆ.

“ಅವತ್ತು ದೀಪ ಆರಿತು. ಹಮಾಲರು ಹಗ್ಗ ಸುತ್ತಿಟ್ಟು ಕೂತುಬಿಟ್ಟರು. ವ್ಯಾಪಾರಿಗೆ ಮೈ ಉರಿಯಿತು. ಪೇಟೆಗೆ ಹೋಗುವ ಗಾಡಿಗಳು ಬಂದು ನಿಂತಿದ್ದವು. ಹಮಾಲರಲ್ಲಿ ಒಬ್ಬ ಹೇಳಿದ: ‘ಇಳದ್ರ ಉಸರು ಕಟ್ಟತೈತ್ರೀ ಧಣ್ಯಾರ. ನಾಳಿತನಾ ಬಾಯಿ ತೆರದಿರ್ಲಿ.’

“‘ಉಸರಿಂದ ಚಿಂತಿ, ಹೌದಿಲ್ಲೋ? ಅದಕ್ಕ ನಾ ವ್ಯವಸ್ಥಾ ಮಾಡ್ತೀನಿ,’ ಎಂದ ವ್ಯಾಪಾರಿ.

“ಪಕ್ಕದ ಗುಡ್ಡದಲ್ಲಿ ಒಬ್ಬ ಯೋಗಿ ಇದ್ದ. ಉಸಿರು ಬಿಗಿಹಿಡಿಯುವುದರಲ್ಲಿ ಆ ಸೀಮೆಗೇ ಹೆಸರಾದವನು. ಕರೆ ಬಂದ ಕೂಡಲೇ ಎದ್ದು ಬಂದ. ದುಡಿಯುವವರಿಗೆ ವಿದ್ಯೆ ಕೊಡುವುದು ಪುಣ್ಯವೆಂದುಕೊಂಡ. ಹಮಾಲರನ್ನು ಹಗೇವಿನ ಪಕ್ಕದಲ್ಲೇ ಸಾಲಾಗಿ ಕೂರಿಸಿದ, ಬೆನ್ನು ನೆಟ್ಟಗೆ ಮಾಡಿಸಿದ. ತುಂಬಿಕೊಳ್ಳಿ, ಹಿಡಿಯಿರಿ, ಮೆಲ್ಲಗೆ ಬಿಡಿ. ಮನಸ್ಸಿಟ್ಟು ಕಲಿಸಿದ. ಅದರಲ್ಲಿ ಮೋಸವೇನೂ ಇರಲಿಲ್ಲ. ಹಗೇವಿನೊಳಗೆ ಮಾತ್ರ ಒಮ್ಮೆಯೂ ಇಣುಕಲಿಲ್ಲ.

“ಎದುರು ಮಾತಾಡಿದ ಹಮಾಲನನ್ನೇ ವ್ಯಾಪಾರಿ ಮೊದಲು ಇಳಿಸಿದ. ಅವನು ಉಸಿರು ತುಂಬಿಕೊಂಡು ಇಳಿದು, ಒಂದು ಬುಟ್ಟಿ ಜೋಳದೊಂದಿಗೆ ಮೇಲೆ ಬಂದ. ಗಾಡಿಯವರು ಭೇಷ್ ಎಂದರು. ವ್ಯಾಪಾರಿ ಯೋಗಿಯ ಕಾಲು ಮುಟ್ಟಿದ. ಹಮಾಲ ಮತ್ತೆ ಇಳಿದ. ಈ ಸಲ ಹಗ್ಗ ಅಲ್ಲಾಡಲಿಲ್ಲ.”

ಗುರುಗಳ ದನಿ ಎಂದಿನಂತೆಯೇ ಇತ್ತು, ದವಡೆ ಮಾತ್ರ ಬಿಗಿದಿತ್ತು.

“ಹೆಣವನ್ನು ಎಳೆದು ಮೇಲೆ ಹಾಕಿದರು. ವ್ಯಾಪಾರಿ ನೋಡಿದ. ಯೋಗಿಯತ್ತ ತಿರುಗಿ ಕೈಮುಗಿದ. ‘ನಿಮ್ಮ ವಿದ್ಯಾದಾಗ ಏನೂ ಕೊರತಿಲ್ಲ ಸ್ವಾಮಿ. ಇಂವನೇ ಬರೋಬ್ಬರಿ ಕಲೀಲಿಲ್ಲ,’ ಎಂದ.”

ನೀಲಾಂಬಿಕೆಗೆ ಸಿಟ್ಟು ಉಕ್ಕಿ ಬಂತು. ಯಾರ ಮೇಲೆ ಎಂಬುದು ಕೂಡಲೇ ತಿಳಿಯಲಿಲ್ಲ. ತಿಳಿದಾಗ ತಲೆ ತಗ್ಗಿಸಿದಳು. ಆದರೂ ವಾದ ಬಿಡಲು ಮನಸ್ಸಾಗಲಿಲ್ಲ.

“ಯೋಗಿ ಒಲ್ಲೆ ಎಂದಿದ್ದರೆ ಏನು ಬದಲಾಗುತ್ತಿತ್ತು?” ಎಂದಳು. “ವ್ಯಾಪಾರಿ ಇನ್ನೊಬ್ಬನನ್ನು ಕರೆಸುತ್ತಿದ್ದ. ನಾಳೆ ನಾನು ಹೋಗದಿದ್ದರೆ ಆಸ್ಪತ್ರೆಯವರೂ ಇನ್ನೊಬ್ಬರನ್ನು ಕರೆಸುತ್ತಾರೆ.”

“ಕರೆಸಲಿ,” ಎಂದರು ಗುರುಗಳು. “ಆ ಇನ್ನೊಬ್ಬ ಸಿಗುವಷ್ಟು ಹೊತ್ತಾದರೂ ಹಗೇವಿನ ಬಾಯಿ ತೆರೆದಿರುತ್ತಿತ್ತು.”