ಬಾರದ ಬಿರುಗಾಳಿ ಮತ್ತು ಕೆಂಪು ಬಾವುಟ

ಕಡಲು ತಿಳಿಯಾಗಿದ್ದ ಒಂದು ಮುಂಜಾನೆ ಬಂದರಿನ ಕಂಬದ ಮೇಲೆ ಅಪಾಯದ ಕೆಂಪು ಬಾವುಟ ಏರಿತು. ಹೊರಗಡಲಿನಲ್ಲಿ ಬಂಗುಡೆ ಮೀನು ಎದ್ದಿದೆಯೆಂಬ ಸುದ್ದಿ ಕೇಳಿ, ಬಲೆ ಹೊತ್ತು ಹೊರಟು ನಿಂತಿದ್ದ ಜಲಮಲ್ಲಿ ಎಂಬ ದೋಣಿಗೆ ಸಿಟ್ಟು ನೆತ್ತಿಗೇರಿತು.

“ಎಲೈ ಬಾವುಟವೇ, ಆಕಾಶದಲ್ಲಿ ಒಂದು ಮೋಡವಾದರೂ ಇದೆಯೇ? ಯಾಕೆ ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತೀಯೆ?”

“ನಡುಗಡಲಿನಲ್ಲಿ ಚಂಡಮಾರುತ ಎದ್ದಿದೆ, ಅಕ್ಕಾ. ಇತ್ತ ಬಂದರೂ ಬಂದೀತು, ಬೇರೆಡೆಗೆ ತಿರುಗಿದರೂ ತಿರುಗೀತು.”

“ಬರುತ್ತದೋ ಇಲ್ಲವೋ, ಒಂದನ್ನು ಹೇಳು!”

“ತಿಳಿದಷ್ಟನ್ನೇ ಹೇಳಬಲ್ಲೆ. ಇವತ್ತು ಹೋಗಬೇಡ.”

ಜಲಮಲ್ಲಿ ಗೊಣಗುತ್ತಲೇ ಉಳಿದಳು. ಬಿರುಗಾಳಿ ಬರಲೇ ಇಲ್ಲ. ಮರುದಿನ ದೋಣಿಗಳೆಲ್ಲ ಸೇರಿ ಬಾವುಟವನ್ನು ಸುಳ್ಳುಬುರುಕ ಎಂದು ಜರೆದವು. ಜಲಮಲ್ಲಿಯೂ ಬಾಯಿ ತೆರೆಯುವಷ್ಟರಲ್ಲಿ, ಹಾಯಿ ಕಟ್ಟುವ ಕೂವೆಮರ ಮುರಿದುಕೊಂಡು ದ್ವೀಪವೊಂದರ ದೋಣಿ ತೇಲುತ್ತ ಬಂದು ಅವಳ ಪಕ್ಕಕ್ಕೆ ಒರಗಿತು.

“ಗಾಳಿ ನಿಮ್ಮೂರಿನತ್ತಲೇ ಬರುತ್ತಿತ್ತು, ತಂಗೀ. ಕಡೆಗಳಿಗೆಯಲ್ಲಿ ನಮ್ಮತ್ತ ಹೊರಳಿತು. ನನ್ನ ಜೊತೆಗಾತಿ ಮುಳುಗಿಹೋದಳು. ನಮ್ಮಲ್ಲಿ ‘ಹೋಗಬೇಡ’ ಎನ್ನುವವರೇ ಇರಲಿಲ್ಲ.”

ಬಂದವಳನ್ನು ತನ್ನ ಹಗ್ಗಕ್ಕೆ ಕಟ್ಟಿಸಿಕೊಂಡು, ಜಲಮಲ್ಲಿ ಕಂಬದತ್ತ ಮುಖ ಎತ್ತಿದಳು.

“ನಿನ್ನಿಂದ ದೊಡ್ಡ ಉಪಕಾರವಾಯಿತು, ತಮ್ಮಾ.”

“ಯಾತರ ಉಪಕಾರ? ಗಾಳಿ ಬರಲೇ ಇಲ್ಲವಲ್ಲ,” ಎಂದಿತು ಬಾವುಟ.

“ಎಲ್ಲಿ ಬಂದುಬಿಡುತ್ತದೋ ಎಂದು ನಮಗಾಗಿ ಹೆದರಿದೆಯಲ್ಲ, ಅದು ಸಾಲದೇ?”

ಅದುವರೆಗೆ ಯಾವ ಬೈಗುಳಕ್ಕೂ ಜಗ್ಗದಿದ್ದ ಬಾವುಟ, ಈ ಮಾತಿಗೆ ನಾಚಿ ಕಂಬಕ್ಕೆ ಸುತ್ತಿಕೊಂಡಿತು.