ಕರಡಿಗುಡ್ಡದ ಬೀಗರು

ನನ್ನ ಬಾಯಿಗೆ ಹೆದರಿ ಗಣಿ ಕಂಪನಿಯೇ ಜೀಪು ತಿರುಗಿಸಿತ್ತು ಅಂದರೆ ನೀವು ನಂಬಬೇಕು. ನಂಬದಿದ್ದರೆ ನನ್ನ ಹೆಂಡತಿಯನ್ನು ಕೇಳಿ, ಅವಳೂ ನಂಬುವುದಿಲ್ಲ.

ನಮ್ಮೂರು ಕುಡಿಯುವ ನೀರೆಲ್ಲ ಜೋಗಮ್ಮನ ಗುಡ್ಡದ್ದು. ಆ ಗುಡ್ಡ ಅಗೆಯಲು ಒಪ್ಪಿಗೆ ಕೇಳಿ ಮ್ಯಾನೇಜರು ಶಾಮಿಯಾನ ಹಾಕಿಸಿದರು.

"ಗುಡ್ಡವನ್ನು ಮನೆಮಗಳ ಹಾಗೆ ನೋಡ್ಕೋತೀವಿ. ಎಲ್ಲರೂ ಹೂಂ ಅನ್ನಿ!"

ನಾನು ಎದ್ದೆ. "ಹೆಣ್ಣು ಕೇಳಾಕ ಬಂದೀರಿ, ಸಂತೋಷ ಸಾಹೇಬ್ರ. ಕೊಡೋ ಮುಂಚೆ ಗಂಡಿನ ಮನಿ ನೋಡೋದು ನಮ್ಮ ಪದ್ಧತಿ. ಪಕ್ಕದೂರಿನ ಕರಡಿಗುಡ್ಡ ನಿಮ್ಮ ಮೊದಲ ಸೊಸಿ ಅಲ್ಲೇನ್ರೀ? ನಡೀರಿ, ಅಕೀನ್ನ ಮಾತಾಡಿಸಿ ಬರೋಣು."

ಜನ ಬಿದ್ದು ಬಿದ್ದು ನಕ್ಕರು. ಮ್ಯಾನೇಜರು ಬೆವರು ಒರೆಸಿಕೊಂಡರು.

"ಅಕಿ ಎಲ್ಲಿ ಸಿಗ್ತಾಳ ಮಾವ," ಅಂದಳು ಹಿಂದೆ ಕೂತಿದ್ದ ದುರುಗಮ್ಮ. "ತುಂಡು ತುಂಡು ಮಾಡಿ ಲಾರ್‍ಯಾಗ ತುಂಬಿ ಮಾರ್‍ಯಾರ. ಉಳಿದಿದ್ದು ಬರೇ ಕೆಂಪು ಹೊಂಡ."

ನಗು ನಿಂತಿತು. ಯಾರೂ ಹೂಂ ಅನ್ನಲಿಲ್ಲ. ಜೀಪು ಹೊರಟಿತು. ನಾನು ಬೇಸಿಗೆಯವರೆಗೂ ಮೀಸೆ ತಿರುವಿಕೊಂಡು ಓಡಾಡಿದೆ.

ಬೇಸಿಗೆಯಲ್ಲಿ ಕಂಪನಿಯವರು ಮತ್ತೆ ಬಂದರು. ಈ ಸಲ ಹೆಣ್ಣು ಕೇಳಲಿಲ್ಲ. ನೇರವಾಗಿ ದಿಬ್ಬಣವೇ ಬಂತು. ಮುಂದೆ ಪೊಲೀಸ್ ವ್ಯಾನು, ಹಿಂದೆ ಜೆಸಿಬಿ. ಹೆಣ್ಣಿನ ಕಡೆಯ ಹಿರಿಯನಲ್ಲವೇ ನಾನು? ವ್ಯಾನಿನಲ್ಲಿ ಮೊದಲ ಸೀಟು ನನಗೇ ಕೊಟ್ಟರು.